ನಲವತ್ತೊಂದು ಕದಗಳು

ಮಾರ್ಚ್ 4, ಮಂಗಳವಾರ

ಎಣಿಕೆಯ ಪುಸ್ತಕ ಬೇರೆ ಇದೆ. ಅದನ್ನು ಹಿಲರಿ ಬ್ರಿಸ್ಬೇನಿನಿಂದ ಕಳಿಸಿದ್ದಾಳೆ, ಮಳೆಗೆ ನೆನೆಯದ ಹಾಳೆಗಳದ್ದು. ಬಿಲದ ಸಂಖ್ಯೆ, ಕದ ಮುಚ್ಚಿದೆಯೋ ಇಲ್ಲವೋ, ಅಂಚಿನಲ್ಲಿ ಹೊಸ ನೂಲು ಇದೆಯೋ ಇಲ್ಲವೋ, ಅಷ್ಟನ್ನೇ ಬರೆಯಬೇಕಂತೆ. ಬೇರೆಯದಕ್ಕೆ ಈ ಪುಸ್ತಕ. ಶಾಲಾ ಬಸ್ಸಿನ ಹಾಜರಿಗೆಂದು ಕೊಂಡದ್ದು. ಬರೆದಿದ್ದ ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ.

ಹಿಲರಿ ಇಪ್ಪತ್ತೆರಡು ವರ್ಷದಿಂದ ತಿಂಗಳಿಗೊಮ್ಮೆ ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದು ದನ ಸಾಕುವ ಫ್ಯಾರಂಟರ ಕಾಡಿನಲ್ಲಿ, ಬಿಲಕ್ಕೆ ಕದ ಕಟ್ಟಿಕೊಳ್ಳುವ ಕದಜೇಡಗಳನ್ನು ಎಣಿಸುತ್ತಿದ್ದಳು. ಈ ಜಾತಿಯದು ನಮ್ಮೂರು ವಿರಾಬ ಬಿಟ್ಟು ಭೂಮಿಯ ಮೇಲೆ ಇನ್ನೆಲ್ಲೂ ಸಿಕ್ಕಿಲ್ಲವಂತೆ. ಈಗ ಅವಳಿಗೆ ಸೊಂಟದ ಕೀಲು ಬದಲಿಸಿದ್ದಾರೆ. ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಚಹಾ ಕುಡಿದು ಹೋಗುತ್ತಿದ್ದಳಾದ್ದರಿಂದ ನನಗೇ ಫೋನ್ ಮಾಡಿದಳು.

"ನಿನಗೆ ಹೇಗೂ ಬೆಳಿಗ್ಗೆ ಕೆಲಸ ಇಲ್ವಲ್ಲ ನೋಲಾ" ಎಂದಳು. ಬೇರೆಯವರಾಗಿದ್ದರೆ ಈ ಮಾತನ್ನು ಸುತ್ತಿ ಬಳಸಿ ಆಡುತ್ತಿದ್ದರು.

ಒಪ್ಪಿಕೊಂಡೆ. ಆ ಕಾಡಿಗೆ ಹಿಂದಿನ ದಾರಿಯಿಂದ ಹೋಗಬಹುದು. ಫ್ಯಾರಂಟರ ಮನೆಯ ಮುಂದೆ ಹಾಯಬೇಕಾಗಿಲ್ಲ. ಊರಿನವರು ಯಾರೂ ಅಲ್ಲಿಗೆ ಬರುವುದಿಲ್ಲ.

ಮಾರ್ಚ್ 9, ಭಾನುವಾರ

ಮೊದಲ ಪೂರ್ತಿ ಎಣಿಕೆ. ಬಿಲಗಳ ಪಕ್ಕ ನೆಟ್ಟ ನಲವತ್ತೊಂದು ತಗಡಿನ ಚೀಟಿಗಳಲ್ಲಿ ನಲವತ್ತು ಬೇಗ ಸಿಕ್ಕವು. ಇಪ್ಪತ್ತಾರನೆಯದಕ್ಕೆ ಒಂದು ಗಂಟೆ ಹುಡುಕಿದೆ. ಕೊನೆಗೆ ನೋಡಿದರೆ ನನ್ನ ಚೀಲವನ್ನೇ ಅದರ ಮೇಲೆ ಇಟ್ಟಿದ್ದೆ.

ಕದ ಎಂದರೆ ನಾಣ್ಯದಗಲದ ಮಣ್ಣಿನ ಬಿಲ್ಲೆ, ಒಳಗಡೆ ನೂಲಿನ ಅಸ್ತರು. ಮೇಲೆ ಬ್ರಿಗಲೋ ಮರದ ಒಣಗಿದ ಎಲೆಯನ್ನೂ ಪಾಚಿಯನ್ನೂ ಅವೇ ಅಂಟಿಸಿಕೊಳ್ಳುತ್ತವೆ. ಗೊತ್ತಿಲ್ಲದವರು ಇಡೀ ಜನ್ಮ ತುಳಿದುಕೊಂಡು ಓಡಾಡಿದರೂ ಕಾಣುವುದಿಲ್ಲ. ಹುಲ್ಲಿನ ಗಟ್ಟಿ ಎಸಳೊಂದನ್ನು ಅಂಚಿಗೆ ಹಾಕಿ ಮೆಲ್ಲಗೆ ಮೀಟಬೇಕು. ಒಳಗೆ ಜೀವ ಇದ್ದರೆ ಕದವನ್ನು ಕೆಳಗಿನಿಂದ ಹಿಡಿದು ಎಳೆಯುತ್ತದೆ. ಇಲ್ಲದಿದ್ದರೆ ಸುಮ್ಮನೆ ತೆರೆದುಕೊಳ್ಳುತ್ತದೆ.

ಏಳನೆಯದು ಎಲ್ಲಕ್ಕಿಂತ ಹಳೆಯದು. ಹಿಲರಿ ಚೀಟಿ ನೆಟ್ಟ ವರ್ಷವೇ ಅದು ದೊಡ್ಡದಾಗಿತ್ತಂತೆ. ಹೆಣ್ಣುಗಳು ಹುಟ್ಟಿದ ಜಾಗದ ಹತ್ತಿರವೇ ಒಂದು ಬಿಲ ತೋಡಿಕೊಂಡು ಸಾಯುವವರೆಗೂ ಅದರಲ್ಲೇ ಇರುತ್ತವೆ. ಮೀಟಿದಾಗ ಅದು ಎಳೆದ ರಭಸಕ್ಕೆ ಎಸಳು ಕೈಯಿಂದ ಜಾರಿತು.

ಜೀವಂತ ಮೂವತ್ತೆಂಟು.

ಮಾರ್ಚ್ 20, ಗುರುವಾರ

ಮೂರು ದಿನ ಮಳೆ. ಮನೆಯಲ್ಲೇ ಇದ್ದೆ. ಮಳೆ ನಿಂತ ಮೇಲೆ ಕಾಡಿಗೆ ಹೋದರೆ ದನದ ನೀರಿನ ತೊಟ್ಟಿಯಲ್ಲಿ ಎರಡು ಗಂಡು ಜೇಡಗಳು ಮುಳುಗಿ ಸತ್ತಿದ್ದವು. ಗಂಡುಗಳು ಹೊರಗೆ ಬರುವುದು ಜೀವನದಲ್ಲಿ ಒಂದೇ ಸಲ, ಮಳೆ ಬಿದ್ದಾಗ, ಹೆಣ್ಣು ಹುಡುಕಿಕೊಂಡು. ಸಿಕ್ಕರೂ ಸಿಗದಿದ್ದರೂ ಆಮೇಲೆ ಹೆಚ್ಚು ದಿನ ಬದುಕುವುದಿಲ್ಲ. ಹಿಲರಿ ಹೇಳಿದ್ದ ಹಾಗೆ ಸಣ್ಣ ಸೀಸೆಯಲ್ಲಿ ಹಾಕಿಟ್ಟೆ.

ವಾಪಸ್ಸು ಬರುವಾಗ ಹಳ್ಳ ತುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತು. ಅರ್ಧ ಅಡಿ ಇರಬಹುದು, ಅಷ್ಟೇ. ಕಾರು ನಿಲ್ಲಿಸಿ, ಅದು ಇಳಿಯುವವರೆಗೆ ನಾಲ್ಕು ಗಂಟೆ ಕೂತೆ.

ಬರೆದೇ ಬಿಡುತ್ತೇನೆ. ಯಾರು ಓದುತ್ತಾರೆ. ಕಳೆದ ಸೆಪ್ಟೆಂಬರ್ ಹನ್ನೊಂದಕ್ಕೆ ಇದೇ ಹಳ್ಳದಲ್ಲಿ ನೀರಿತ್ತು. ಬಸ್ಸಿನಲ್ಲಿ ಹನ್ನೊಂದು ಮಕ್ಕಳಿದ್ದರು. ಆ ಬಸ್ಸು ಓಡಿಸಿದ ಹತ್ತೊಂಬತ್ತು ವರ್ಷದಲ್ಲಿ ಅಂಥ ನೀರನ್ನು ನೂರು ಸಲ ದಾಟಿದ್ದೆ. ಆವತ್ತು ಹಿಂದಿನ ಚಕ್ರ ಜಾರಿತು, ಬಸ್ಸು ಮಗ್ಗುಲಾಗಿ ಒಂದು ದಿಮ್ಮಿಗೆ ಆನಿಕೊಂಡಿತು. ಹತ್ತು ಮಕ್ಕಳನ್ನು ಹಿಂದಿನ ಬಾಗಿಲಿನಿಂದ ಇಳಿಸಿದೆ. ಕಿರಾ ಫ್ಯಾರಂಟಳ ತೋಳು ಸೀಟಿನ ಕೆಳಗೆ ಸಿಕ್ಕಿಬಿದ್ದಿತ್ತು. ಜನ ಬರುವವರೆಗೆ ನಲವತ್ತು ನಿಮಿಷ. ಅವಳಿಗೆ ಎರಡು ಶಸ್ತ್ರಚಿಕಿತ್ಸೆ ಆಯಿತು. ತೋಳಿನಲ್ಲಿ ಉಕ್ಕಿನ ಪಟ್ಟಿ ಇದೆಯಂತೆ.

ವಿಚಾರಣೆಯಲ್ಲಿ ಆಕಸ್ಮಿಕ ಎಂದು ಬರೆದರು. ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮರುವಾರ ಬಸ್ಸಿನ ಕೀಲಿಕೈ ಕೊಟ್ಟು ಬಂದೆ.

ಏಪ್ರಿಲ್ 2, ಬುಧವಾರ

ಸಾಮಾನು ತರಲು ವರ್ನನ ಅಂಗಡಿಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ಹೋದರೆ ಅಲ್ಲಿ ಯಾರೂ ಇರುವುದಿಲ್ಲ. ವರ್ನ್ ನನ್ನ ದೊಡ್ಡಮ್ಮನ ಮಗ. ಅಂಚೆಯೂ ಅವನೇ, ಪೆಟ್ರೋಲೂ ಅವನೇ, ಊರಿನ ಸುದ್ದಿಯೂ ಅವನೇ.

"ಏನಮ್ಮ, ಜೇಡಗಳ ಹತ್ರ ಮಾತಾಡ್ತೀಯಂತೆ?"

"ಯಾರಂದಿದ್ದು?"

"ಯಾರೂ ಅಂದಿಲ್ಲ. ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ. ಅವು ತಿರುಗಿ ಬೈತಾವಾ?"

"ನಿನ್ನಷ್ಟು ಬೈಯಲ್ಲ."

"ಭಾನುವಾರ ಊಟಕ್ಕೆ ಬಾ. ಕುರಿ ತೊಡೆ ಬೇಯಿಸ್ತೀನಿ."

ಎಣಿಕೆ ಇದೆ ಎಂದೆ. ಈ ಭಾನುವಾರ ಎಣಿಕೆ ಇಲ್ಲ. ಅವನಿಗೂ ಅದು ಗೊತ್ತಿದ್ದಂತಿತ್ತು.

ಏಪ್ರಿಲ್ 20, ಭಾನುವಾರ

ಈಸ್ಟರ್. ಶಿಲುಬೆ ಗುರುತಿನ ಬನ್ನುಗಳನ್ನು ಆರರ ಪೊಟ್ಟಣದಲ್ಲೇ ಮಾರುತ್ತಾರೆ. ಎರಡು ತಿಂದೆ, ನಾಲ್ಕು ಫ್ರಿಜ್ಜಿನಲ್ಲಿವೆ.

ಮಧ್ಯಾಹ್ನ ಕಾಡಿಗೆ ಹೋದೆ, ಕೆಲಸವಿರಲಿಲ್ಲ, ಆದರೂ ಹೋದೆ. ಮುದುಕಿಯ ಬಿಲದ ಪಕ್ಕ ಕೂತು ರೇಡಿಯೋದಲ್ಲಿ ಕೇಳಿದ ಸುದ್ದಿಯನ್ನೆಲ್ಲ ಹೇಳಿದೆ. ಮುದುಕಿ ಎಂದರೆ ಏಳನೆಯದು. ಹದಿಮೂರರ ಕದದ ಮೇಲೆ ವಾಲಬಿ, ಆ ಸಣ್ಣ ಜಾತಿಯ ಕಾಂಗರೂ, ಕಾಲಿಟ್ಟು ಒಂದು ಮೂಲೆ ಮುರಿದಿತ್ತು. ನಾಲ್ಕೇ ದಿನದಲ್ಲಿ ಅದು ಸರಿಮಾಡಿಕೊಂಡಿದೆ. ತೇಪೆಯ ಬಣ್ಣ ಬೇರೆ. ಇಪ್ಪತ್ತಾರು ಅಲ್ಲೇ ಇದೆ, ಆದರೆ ಬಹಳ ನಾಚಿಕೆ. ಮೂವತ್ತನೆಯದು ಸತ್ತಿದೆ ಎಂದು ಹಿಲರಿ ಬರೆದಿದ್ದಳು. ಸತ್ತಿಲ್ಲ. ಇವತ್ತು ಎಳೆಯಿತು! ಮೆಲ್ಲಗೆ, ಆದರೆ ಎಳೆಯಿತು. ಮನೆಗೆ ಬಂದ ಕೂಡಲೇ ಹಿಲರಿಗೆ ಫೋನ್ ಮಾಡಿದೆ. ಅವಳು ಅತ್ತುಬಿಟ್ಟಳು. ನಾನು ಹವಾಮಾನ ಹೇಳಿದೆ.

ಈಗ ಮೂವತ್ತೊಂಬತ್ತು.

ಮೇ 5, ಸೋಮವಾರ

ವರ್ನ್ ಹೇಳಿದ. ಈ ತಿಂಗಳ ಇಪ್ಪತ್ತಾರಕ್ಕೆ, ಸೋಮವಾರ, ಕಿರಾಳ ಅಪ್ಪ ಮ್ಯಾಲ್ ಫ್ಯಾರಂಟ್ ಬುಲ್ಡೋಜರ್ ತರಿಸುತ್ತಿದ್ದಾನಂತೆ. ಕಾಡು ಪೂರ್ತಿ ತೆಗೆದು ಹುಲ್ಲು ಬಿತ್ತುವುದಂತೆ. "ಅವನ ಜಾಗ, ಅವನ ಇಷ್ಟ. ದನಕ್ಕೆ ಮೇವು ಸಾಲ್ತಿಲ್ಲ ಅಂತಾನೆ" ಎಂದ ವರ್ನ್.

ಹಿಲರಿಗೆ ತಿಳಿಸಿದೆ. ತಡೆಯುವ ಕಾನೂನು ಇಲ್ಲವಂತೆ. ಸರ್ಕಾರದ ನಕ್ಷೆಯಲ್ಲಿ ಅದು ಹಿಂದೊಮ್ಮೆ ಕಡಿದು ಮತ್ತೆ ಬೆಳೆದ ಕಾಡು. ಈ ಜಾತಿಗೆ ವಿಜ್ಞಾನಿಗಳು ಹೆಸರಿಟ್ಟೇ ಎರಡು ವರ್ಷ, ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಲು ಇನ್ನೆಷ್ಟು ವರ್ಷವೋ. ಮ್ಯಾಲನ ಅಪ್ಪ ಬದುಕಿದ್ದಾಗ ಬಾಯಿಮಾತಿನಲ್ಲೇ ಅವಳಿಗೆ ಅನುಮತಿ ಕೊಟ್ಟಿದ್ದನಂತೆ, ಕಾಗದ ಏನೂ ಇಲ್ಲ. ಸಂಜೆ ಮತ್ತೆ ಫೋನ್ ಮಾಡಿದಳು. ಮ್ಯಾಲನ ಮನೆಗೆ ಎರಡು ಸಲ ಮಾಡಿದೆ, ಯಾರೂ ಎತ್ತಲಿಲ್ಲ ಎಂದಳು.

"ಇದು ಫೋನಲ್ಲಿ ಆಗೋ ಮಾತಲ್ಲ ನೋಲಾ. ಅವನನ್ನ ಕರ್ಕೊಂಡು ಹೋಗಿ ತೋರಿಸಬೇಕು. ನೀನೇ ಹೋಗ್ಬೇಕು."

"ನಾನು ಆ ಮನೆ ಮೆಟ್ಟಿಲು ಹತ್ತೋ ಹಾಗಿಲ್ಲ ಹಿಲರಿ."

"ಗೊತ್ತು. ಆದ್ರೂ ನೀನೇ ಹೋಗ್ಬೇಕು."

ಮೇ 9, ಶುಕ್ರವಾರ

ಪಂಪು ಕೆಟ್ಟಿದೆ. ಅದನ್ನು ಬಿಚ್ಚಿ ಜೋಡಿಸುವುದರಲ್ಲೇ ದಿನ ಹೋಯಿತು. ಹೋಗಲಾಗಲಿಲ್ಲ.

ಮೇ 13, ಮಂಗಳವಾರ

ಮ್ಯಾಲನಿಗೆ ಕಾಗದ ಬರೆಯುವುದೇ ಒಳ್ಳೆಯದು. ಮೂರು ಬರೆದೆ. ಒಂದರಲ್ಲಿ ಜೇಡದ ವಿಷಯ ಮಾತ್ರ ಇತ್ತು, ಅದು ನಾಚಿಕೆಗೇಡು ಅನ್ನಿಸಿತು. ಒಂದರಲ್ಲಿ ಕಿರಾಳ ವಿಷಯ ಮಾತ್ರ. ಮೂರನೆಯದರಲ್ಲಿ ಎರಡೂ ಇದ್ದವು. ಅದನ್ನು ಓದಿಕೊಂಡು ನನಗೇ ಅಸಹ್ಯವಾಯಿತು.

ಮೇ 18, ಭಾನುವಾರ

ಗಾಳಿ. ಎಂಟು ದಿನ ಇದೆ.

ಮೇ 22, ಗುರುವಾರ

ಬೆಳಿಗ್ಗೆ ಎಂಟೂವರೆಗೆ ಹತ್ತೊಂಬತ್ತರ ಪಕ್ಕ ಮಂಡಿಯೂರಿದ್ದೆ. ನೆಲ ನಡುಗಿತು. ಗುಡುಗೆಂದು ತಲೆಯೆತ್ತಿದರೆ ಆಕಾಶ ಖಾಲಿ. ಆಮೇಲೆ ಮರ ಮುರಿಯುವ ಸದ್ದು, ಒಂದಾದ ಮೇಲೊಂದು. ಸೋಮವಾರ ಅಂದಿದ್ದರು. ಇವತ್ತು ಗುರುವಾರ.

ಉತ್ತರದ ತುದಿಗೆ ಓಡಿದೆ. ಐವತ್ತೇಳು ವರ್ಷದ ಮೊಣಕಾಲು ಎಷ್ಟು ಓಡೀತು. ಆ ಹೊತ್ತಿಗೆ ಫುಟ್‌ಬಾಲ್ ಮೈದಾನದಷ್ಟು ಜಾಗ ಬಯಲಾಗಿತ್ತು. ಬೂದುಬಣ್ಣದ ಎಲೆಗಳ ದೊಡ್ಡ ರಾಶಿ, ಮೇಲೆದ್ದ ಕೆಂಪು ಮಣ್ಣು. ಯಂತ್ರ ನನ್ನ ಕಡೆಗೇ ಬರುತ್ತಿತ್ತು. ನಾನು ಅದರ ಮುಂದೆ ಹೋಗಿ ನಿಂತೆ. ಧೈರ್ಯದಿಂದ ಅಲ್ಲ, ನನಗೆ ಇನ್ನೊಂದು ಹೆಜ್ಜೆ ಇಡಲು ಉಸಿರಿರಲಿಲ್ಲ.

ಗಡ್ಡದ ಚಾಲಕ ಎಂಜಿನ್ ಆರಿಸಿ ಇಳಿದು ಬಂದ.

"ತಲೆ ನೆಟ್ಟಗಿದೆಯಾ ನಿಮಗೆ? ಇನ್ನೆರಡು ಗಜ ಬಂದಿದ್ರೆ ನಿಮ್ಮನ್ನೂ ಸೇರಿಸಿ ರಾಶಿ ಹಾಕ್ತಿದ್ದೆ."

"ಸೋಮವಾರ ಅಂದಿದ್ರಲ್ಲ."

"ಆ ಕಡೆ ಕೆಲಸ ಬೇಗ ಮುಗೀತು. ಯಾರಮ್ಮ ನೀವು?"

"ಅರ್ಧ ಗಂಟೆ ನಿಲ್ಲಿಸಿ. ಮ್ಯಾಲನ ಹತ್ರ ಮಾತಾಡಿ ಬರ್ತೀನಿ."

ಅವನು ಗಡಿಯಾರ ನೋಡಿದ. "ಚಹಾ ಹೊತ್ತು ಹೇಗೂ ಆಯ್ತು. ಅರ್ಧ ಗಂಟೆ. ಆಮೇಲೆ ನನಗೆ ಕಿವಿ ಕೇಳಿಸಲ್ಲ."

ಫ್ಯಾರಂಟರ ಮನೆಗೆ ಮುಂದಿನ ದಾರಿಯಿಂದಲೇ ಹೋದೆ. ಟೆಸ್, ಮ್ಯಾಲನ ಹೆಂಡತಿ, ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ನನ್ನ ಕಾರನ್ನು ನೋಡಿದಳು, ನನ್ನನ್ನು ನೋಡಿದಳು, ಕೈಯಲ್ಲಿದ್ದ ಅಂಗಿಯನ್ನು ಹರವಿ ಮುಗಿಸಿದಳು. ಬಾಯಲ್ಲಿದ್ದ ಕ್ಲಿಪ್ಪನ್ನು ತೆಗೆದಳು.

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬುಲ್ಡೋಜರು, ಬಿಲಗಳು, ಹಿಲರಿಯ ಸೊಂಟ, ಇಪ್ಪತ್ತೆರಡು ವರ್ಷ. ಅವಳು ಕ್ಲಿಪ್ಪನ್ನು ಹಗ್ಗಕ್ಕೆ ಸಿಕ್ಕಿಸಿದಳು.

"ಎಂಟು ತಿಂಗಳು" ಎಂದಳು.

"ಗೊತ್ತು ಟೆಸ್."

"ನಿನಗೇನೂ ಗೊತ್ತಿಲ್ಲ. ಕೈ ಮುರಿದದ್ದಕ್ಕೆ ನಾನು ನಿನ್ನ ಬೈಕೊಂಡಿಲ್ಲ. ಆ ಹಳ್ಳವನ್ನ ನಾವೆಲ್ಲ ಹಾಗೇ ದಾಟಿದ್ದೀವಿ. ಆಸ್ಪತ್ರೆಯಲ್ಲಿ ಮೂರು ವಾರ ಇದ್ದಳು. ಬಾಗಿಲು ಸದ್ದಾದಾಗಲೆಲ್ಲ ನೋಲಾನಾ ಅಂತ ಕೇಳ್ತಿದ್ದಳು. ಮೂರು ವಾರ ಕಣೇ! ಆಮೇಲೆ ಕೇಳೋದು ಬಿಟ್ಟಳು."

ಬುಟ್ಟಿಯಿಂದ ಇನ್ನೊಂದು ಬಟ್ಟೆ ತೆಗೆದು ಜೋರಾಗಿ ಕೊಡವಿದಳು.

"ಅವಳಿಗೋಸ್ಕರ ಬರಲಿಲ್ಲ ನೀನು" ಎಂದಳು ಟೆಸ್. "ಜೇಡಕ್ಕೋಸ್ಕರ ಬಂದೆ."

ಅವಳು ಒಳಗೆ ಹೋದಳು. ಇನ್ನು ಹೊರಡಬೇಕು ಎಂದುಕೊಳ್ಳುವಷ್ಟರಲ್ಲಿ ಕಿಟಕಿಯಿಂದ ವೈರ್‌ಲೆಸ್ಸಿನ ಗರಗರ ಕೇಳಿತು. "ಮ್ಯಾಲ್, ಬುಲ್ಡೋಜರ್ ನಿಲ್ಲಿಸೋಕೆ ಹೇಳು. ಊಟದ ತನಕ. ಯಾಕೆ ಅಂತ ಇವಳೇ ಹೇಳ್ತಾಳೆ." ಹೊರಗೆ ಬಂದು ಮತ್ತೆ ಬಟ್ಟೆ ಬುಟ್ಟಿ ಎತ್ತಿಕೊಂಡಳು. "ನಿನಗೋಸ್ಕರ ಅಲ್ಲ. ಮಾವ ಇದ್ದಿದ್ರೆ ಹೀಗೆ ಮಾಡ್ತಿದ್ರು ಅಂತ."

ಮ್ಯಾಲ್ ತನ್ನ ಗಾಡಿಯಲ್ಲಿ ಕಾಡಿನ ಬೇಲಿಯ ಹತ್ತಿರ ಬಂದ. ನನ್ನ ಮುಖ ನೋಡದೆ, ಟೋಪಿ ಸರಿಮಾಡಿಕೊಂಡು, "ತೋರಿಸು" ಎಂದ. ಮುದುಕಿಯ ಹತ್ತಿರ ಕರೆದುಕೊಂಡು ಹೋದೆ. ದಪ್ಪ ಮನುಷ್ಯ, ಏದುಸಿರು ಬಿಡುತ್ತಾ ಮಂಡಿಯೂರಿದ. ಕದ ಎಲ್ಲಿದೆಯೆಂದು ಬೆರಳಿಟ್ಟು ತೋರಿಸುವವರೆಗೆ ಅವನಿಗೆ ಕಾಣಲಿಲ್ಲ. ಎಸಳು ಕೊಟ್ಟೆ. ಮೀಟಿದ. ಒಳಗಿನಿಂದ ಎಳೆಯಿತು.

"ಅಯ್ಯೋ ಇದರ!" ಎಂದು ಕೈ ಹಿಂದೆ ತೆಗೆದ. ಮತ್ತೆ ಮೀಟಿದ. ಮತ್ತೆ ಎಳೆಯಿತು. "ಸಿಟ್ಟು ನೋಡು. ಎಷ್ಟು ವಯಸ್ಸು ಇದಕ್ಕೆ?"

"ಇಪ್ಪತ್ತೆರಡು ವರ್ಷದ ಹಿಂದೇನೇ ದೊಡ್ಡದಾಗಿತ್ತು."

"ನನ್ನ ಮದುವೆಗಿಂತ ಹಳೇದು." ಎಸಳನ್ನು ಬೆರಳಲ್ಲಿ ತಿರುಗಿಸಿದ. "ನಾನು ಅಂಗೈಯಗಲದ ಪ್ರಾಣಿ ಅಂದ್ಕೊಂಡಿದ್ದೆ. ಇಷ್ಟಕ್ಕಾ ಆ ಹೆಂಗಸು ಅಷ್ಟು ದೂರದಿಂದ ಬರ್ತಿದ್ದಿದ್ದು?"

"ಇಷ್ಟಕ್ಕೇ."

ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ. "ಮೇಲಿನ ಅರ್ಧ ಹೋಯ್ತು, ಅದನ್ನೇನೂ ಮಾಡೋಕಾಗಲ್ಲ. ಈ ದಪ್ಪ ಮರದಿಂದ ಕೆಳಗೆ ಬಿಡ್ತೀನಿ. ಈ ವರ್ಷಕ್ಕೆ. ಮುಂದಿನ ವರ್ಷ ಮಳೆ ಕೈಕೊಟ್ರೆ ನನ್ನನ್ನ ಕೇಳ್ಬೇಡ."

ಆಗಲಿ ಎಂದೆ.

ಹೋಗುವಾಗ ತಿರುಗಿ ನೋಡದೆ, "ಮೊದಲೇ ಬಂದು ಹೇಳಿದ್ರೆ ಪೂರ್ತಿ ಉಳೀತಿತ್ತು ನೋಲಾ" ಎಂದ. ಬೈದ ಹಾಗಿರಲಿಲ್ಲ. ಬೈದಿದ್ದರೆ ಸುಲಭವಿತ್ತು.

ಮೇ 23, ಶುಕ್ರವಾರ

ಬಯಲಾದ ಕಡೆ ಹೋಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹುಡುಕಿದೆ. ಹದಿಮೂರು ಬಿಲಗಳಿದ್ದವು. ನಾಲ್ಕು ತಗಡು ಸಿಕ್ಕವು. ಜೇಡಗಳು ಸಿಗಲಿಲ್ಲ. ಮೂವತ್ತನೆಯದು ಅಲ್ಲೇ ಇತ್ತು.

ಸುದ್ದಿ ತಿಳಿದ ಮೇಲೆ ಹದಿನೇಳು ದಿನ ನನ್ನ ಕೈಯಲ್ಲಿದ್ದವು. ಎಣಿಕೆಯ ಪುಸ್ತಕದಲ್ಲಿ ಹದಿಮೂರು ಸಾಲುಗಳಿಗೆ ಗೀಟು ಎಳೆದೆ. ಕಾರಣ ಬರೆಯುವ ಜಾಗದಲ್ಲಿ "ಯಂತ್ರ" ಎಂದು ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿ "ತಡವಾಗಿ ತಿಳಿಸಲಾಯಿತು" ಎಂದು ಬರೆದೆ. ಹಿಲರಿಗೆ ಫೋನಿನಲ್ಲೂ ಹಾಗೆಯೇ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. ಉಳಿದವು ಎಷ್ಟು ಎಂದು ಮಾತ್ರ ಕೇಳಿದಳು. ಇಪ್ಪತ್ತಾರು.

ಮೇ 25, ಭಾನುವಾರ

ಇವತ್ತು ಕಿರಾಳನ್ನು ನೋಡಲು ಹೋಗಬೇಕೆಂದು ತಲೆ ಬಾಚಿಕೊಂಡೆ. ಹೋಗಲಿಲ್ಲ. ವರ್ನನ ಮನೆಗೆ ಹೋಗಿ ಕುರಿ ತಿಂದೆ. ಅವನು ಏನೂ ಕೇಳಲಿಲ್ಲ. ಉಪ್ಪು ಜಾಸ್ತಿಯಾಗಿತ್ತು, ಹೇಳಿದೆ. "ಬಿಟ್ಟಿ ಊಟಕ್ಕೆ ನಾಲಿಗೆ ನೋಡು" ಎಂದ.

ಜೂನ್ 1, ಭಾನುವಾರ

ಕಿರಾ ಹಿಂದಿನ ಜಗಲಿಯಲ್ಲಿ ಕೂತು ಕುದುರೆಯ ಲಗಾಮಿಗೆ ಎಣ್ಣೆ ಹಚ್ಚುತ್ತಿದ್ದಳು. ಹದಿನಾಲ್ಕು ತುಂಬಿದೆ, ಕಾಲುಗಳು ಉದ್ದವಾಗಿವೆ. ಟೆಸ್ ನನ್ನನ್ನು ಅಲ್ಲಿ ಬಿಟ್ಟು ಒಳಗೆ ಹೋದಳು. ತೋಳಿನ ಮೇಲೆ ಗಾಯದ ಗೆರೆ ಮೊಣಕೈವರೆಗೆ ಇದೆ. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ. ನಾನು ಕಣ್ಣು ತಿರುಗಿಸದೆ ನೋಡಿದೆ, ಅಷ್ಟಾದರೂ ಮಾಡಬೇಕಿತ್ತು.

"ತಪ್ಪಾಯ್ತು ಕಿರಾ. ನಿಲ್ಲಿಸಬೇಕಿತ್ತು. ಆಮೇಲೆ ಬರಬೇಕಿತ್ತು. ಎರಡೂ ಮಾಡಲಿಲ್ಲ."

ಅವಳು ಬಟ್ಟೆಯಿಂದ ಕೊಂಡಿಯೊಂದನ್ನು ಉಜ್ಜಿದಳು. ಮತ್ತೆ ಉಜ್ಜಿದಳು.

"ಆವತ್ತು ನೀವು ನನ್ನ ತಲೆ ಹಿಡ್ಕೊಂಡು 'ಏನೂ ಆಗಿಲ್ಲ, ಏನೂ ಆಗಿಲ್ಲ' ಅಂತಾನೇ ಇದ್ರಿ."

"ಹೂಂ."

"ನನಗೆ ಮೂಳೆ ಕಾಣ್ತಿತ್ತು."

ನನಗೆ ಎದ್ದು ಹೋಗಬೇಕೆನ್ನಿಸಿತು.

"ಸುಳ್ಳು ಅಂತ ಗೊತ್ತಿತ್ತು" ಎಂದಳು. "ಆದ್ರೂ ನಿಲ್ಲಿಸಬೇಡಿ, ಹೇಳ್ತಾನೇ ಇರಿ ಅನ್ನಿಸ್ತಿತ್ತು. ನಿಲ್ಲಿಸಿದ್ರೆ ಸತ್ತೋಗ್ತೀನಿ ಅನ್ನಿಸ್ತಿತ್ತು. ಆಸ್ಪತ್ರೆಲಿ ಎಲ್ಲರೂ ನಿಜ ಹೇಳೋರೇ." ತಲೆಯೆತ್ತಿದಳು. "ನಿಮಗೂ ಭಯ ಆಗಿತ್ತಾ?"

ಪೊಲೀಸರು ನೂರು ಪ್ರಶ್ನೆ ಕೇಳಿದ್ದರು, ವಿಚಾರಣೆಯವರು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಆಗಿತ್ತು" ಎಂದೆ. "ಬಹಳ."

"ಸರಿ" ಎಂದಳು ಅವಳು. ಲಗಾಮಿನ ಇನ್ನೊಂದು ತುದಿಯನ್ನು ನನ್ನ ಕಡೆ ತಳ್ಳಿದಳು, ಬಟ್ಟೆಯನ್ನೂ ಕೊಟ್ಟಳು. ಎಣ್ಣೆ ಜಾಸ್ತಿ ಹಾಕುತ್ತೀರಿ ಎಂದು ಎರಡು ಸಲ ಬೈದಳು.

ಜೂನ್ 6, ಶುಕ್ರವಾರ

ಬೆಳಿಗ್ಗೆ ಮಂಜು ಬಿದ್ದಿತ್ತು. ಇಪ್ಪತ್ತಾರೂ ಇವೆ.

ಟೆಸ್ ಫೋನ್ ಮಾಡಿದ್ದಳು. ನಾಳೆ ಈ ಕಡೆ ಬರುತ್ತಾಳಂತೆ, ಹತ್ತು ಗಂಟೆಗೆ. ಯಾಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫೋನಿಟ್ಟ ಮೇಲೆ ನೋಡಿದರೆ ಅಡುಗೆಮನೆಯಲ್ಲಿ ಇರುವುದು ಒಂದೇ ಕುರ್ಚಿ. ಉಳಿದವನ್ನು ಯಾವಾಗ ಶೆಡ್ಡಿಗೆ ಹಾಕಿದೆನೋ ನೆನಪಿಲ್ಲ. ಒಂದನ್ನು ತಂದು ತೊಳೆದು ಬಿಸಿಲಿಗಿಟ್ಟೆ. ಒಂದು ಕಾಲು ಅಲುಗಾಡುತ್ತದೆ.

ಅದರಲ್ಲಿ ನಾನು ಕೂರುತ್ತೇನೆ.